ಅಚ್ಚಕ್ಕ ಕೂಡಿಟ್ಟ ಹನ್ನೊಂದು ಸಾವಿರ ಪದಗಳು

ಅಚ್ಚಕ್ಕ, ವಯಸ್ಸು ಐವತ್ತೊಂಬತ್ತು ವರ್ಷ ಎಂಟು ತಿಂಗಳು, ಕೆಲಸದ ಜಾಗದಲ್ಲಿ ಗಾಯಗೊಂಡವರ ಅರ್ಜಿಗಳನ್ನು ವಿಚಾರಿಸುವ ಕಚೇರಿಯಲ್ಲಿ ಹಿರಿಯ ಬೆರಳಚ್ಚುಗಾರ್ತಿ, ಅವಿವಾಹಿತೆ. ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು, ತಾಯಿ ಹೆರಿಗೆ ಆಸ್ಪತ್ರೆಯ ಆಯಾ. ಇಬ್ಬರೂ ಕಾಲವಾಗಿ ಬಹಳ ವರ್ಷವಾಗಿತ್ತು. ಒಡಹುಟ್ಟಿದವಳು ತಂಗಿಯೊಬ್ಬಳೇ. ಗಂಡ ತೀರಿಕೊಂಡ ಮೇಲೆ ಅವಳು ಒಂದು ಹೊಲಿಗೆ ಯಂತ್ರವನ್ನೂ ಒಂದು ಟ್ರಂಕನ್ನೂ ಹೊತ್ತು ಅಕ್ಕನ ಮನೆ ಸೇರಿದ್ದಳು. ಮೂರನೆಯ ಮಹಡಿಯ ಎರಡು ಕೋಣೆಗಳ ಆ ಮನೆಯಲ್ಲಿ ತಂಗಿಯ ಯಂತ್ರ ಬೆಳಗಿನ ಆರಕ್ಕೆ ಸದ್ದು ತೆಗೆದರೆ, ಅಕ್ಕ ಎಂಟೂವರೆಯ ಬಸ್ಸಿಗೆ ಇಳಿದು ಹೋಗುವತನಕ ನಿಲ್ಲುತ್ತಿರಲಿಲ್ಲ. ತಂಗಿಯ ಬಾಯಿಯೂ ನಿಲ್ಲುತ್ತಿರಲಿಲ್ಲ.

ಅಕ್ಕ ಟೈಪ್ ಮಾಡಿದ ಪುಟ ಅಚ್ಚು ಹಾಕಿದ ಹಾಗಿರುತ್ತದೆ ಎಂದು ಬಹಳ ಹಿಂದೆ ಒಬ್ಬ ಅಧಿಕಾರಿ ಮೆಚ್ಚಿ ಆಡಿದ ಮಾತಿನಿಂದ ಅವಳಿಗೆ ಅಚ್ಚಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಹೆಸರಿಗೆ ಕುಂದು ಬಾರದಂತೆ ಅವಳು ನಡೆದುಕೊಂಡಳು ಎಂಬುದನ್ನು ಅವಳನ್ನು ಕಂಡರಾಗದವರೂ ಒಪ್ಪುತ್ತಿದ್ದರು.

ಕಚೇರಿಗೆ ಬರುತ್ತಿದ್ದವರು ಬೆರಳು ಕಳೆದುಕೊಂಡವರು, ಏಣಿಯಿಂದ ಬಿದ್ದವರು, ಕುಲುಮೆಯ ಝಳಕ್ಕೆ ಕಣ್ಣು ಕೊಟ್ಟವರು. ಅವರ ಹೇಳಿಕೆ, ವೈದ್ಯರ ವರದಿ, ಸಾಕ್ಷಿಗಳ ಮಾತು, ಕೊನೆಗೆ ಆದೇಶ, ಇಷ್ಟನ್ನೂ ಒಂಬತ್ತು ಮಂದಿ ಒಂದು ಉದ್ದನೆಯ ಕೋಣೆಯಲ್ಲಿ ಕೂತು ಟೈಪ್ ಮಾಡುತ್ತಿದ್ದರು. ಕಂಪ್ಯೂಟರು ತಾನರಿಯದ ಪದದ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ಅದಕ್ಕೆ ಪಠ್ಯಪುಸ್ತಕದ ಮಾತುಗಳು ಗೊತ್ತಿದ್ದವು. ಗಾಯಾಳುಗಳ ಹೆಸರು, ಅವರ ಓಣಿಗಳ ಹೆಸರು, ಅವರ ಕೈಯನ್ನು ಕಚ್ಚಿ ಎಳೆದ ಯಂತ್ರದ ಬಿಡಿಭಾಗಗಳ ಹೆಸರು ಗೊತ್ತಿರಲಿಲ್ಲ. ಒಂದೊಂದು ಪುಟವೂ ಬೆಕ್ಕು ಪರಚಿದ ಮುಖದಂತೆ ಕಾಣುತ್ತಿತ್ತು. ಕಚೇರಿಯ ಮುಖ್ಯಸ್ಥರದು ಒಂದು ಕಟ್ಟಳೆ. ಪ್ರತಿದಿನ ಮಧ್ಯಾಹ್ನ ಮೂರಕ್ಕೆ ಅವರು ಟೈಪಿಂಗ್ ಕೋಣೆಗೆ ಬಂದು, ಕುರ್ಚಿಯ ಹಿಂದೆ ಕೈಕಟ್ಟಿ ನಿಂತು, ಆ ದಿನದ ಆದೇಶಗಳನ್ನು ಪುಟ ಪುಟ ಸರಿಸಲು ಹೇಳಿ ನೋಡುವರು. ಎಲ್ಲಾದರೂ ಒಂದು ಕೆಂಪು ಗೆರೆ ಕಂಡರೆ ಮುದ್ರಣಕ್ಕೆ ಅಪ್ಪಣೆಯಿಲ್ಲ.

ಅಂಥ ಗೆರೆ ಕಾಣದ ಕಂಪ್ಯೂಟರು ಇಡೀ ಕೋಣೆಗೆ ಒಂದೇ, ಅದು ಅಚ್ಚಕ್ಕನದು. ಹತ್ತೊಂಬತ್ತು ವರ್ಷ ಅವಳು ಒಂದೊಂದು ಕೆಂಪು ಗೆರೆಯ ಮೇಲೂ ಮೌಸಿನ ಬಲಗುಂಡಿ ಒತ್ತಿ ‘ನಿಘಂಟಿಗೆ ಸೇರಿಸು’ ಎಂಬ ಸಾಲನ್ನು ಆರಿಸಿದ್ದಳು. ಸುಮ್ಮನೆ ಒತ್ತುವವಳಲ್ಲ. ಮೂಲ ಅರ್ಜಿಯನ್ನು ತೆಗೆದು, ಆ ಮನುಷ್ಯ ತನ್ನ ಹೆಸರನ್ನು ತಾನೇ ಹೇಗೆ ಬರೆದುಕೊಂಡಿದ್ದಾನೆಂದು ನೋಡುವಳು. ಹೆಬ್ಬೆಟ್ಟು ಒತ್ತಿದವನಾದರೆ ಹೊರಗಿನ ಬೆಂಚಿಗೆ ಹೋಗಿ, ಅವನ ಬಾಯಿಂದಲೇ ಎರಡು ಸಲ ಹೇಳಿಸಿಕೊಂಡು ಬರುವಳು. ಹೀಗೆ ಹನಿಗೂಡಿ ಹಳ್ಳವಾಗಿ ಹನ್ನೊಂದು ಸಾವಿರ ಪದಗಳು ಸೇರಿದ್ದವು. ಉಳಿದ ಎಂಟು ಮಂದಿಯ ಆದೇಶಗಳೂ ಮೂರು ಗಂಟೆಗೆ ಮುಂಚೆ ಅವಳ ಪರದೆಗೆ ಬಂದೇ ಶುದ್ಧವಾಗಬೇಕಿತ್ತು. ಮುಖ್ಯಸ್ಥರು ಬಂದು ನಿಲ್ಲುತ್ತಿದ್ದುದೂ ಅವಳ ಕುರ್ಚಿಯ ಹಿಂದೆಯೇ.

ಪಕ್ಕದ ಮೇಜಿನ ಕಿರಿಯ ಬೆರಳಚ್ಚುಗಾರ್ತಿಯನ್ನು ಎಲ್ಲರೂ ಚೂಟಿ ಎನ್ನುತ್ತಿದ್ದರು. ಕೈಯೂ ಚುರುಕು, ನಾಲಿಗೆಯೂ ಚುರುಕು. ಅವಳು ಒಮ್ಮೆ ಕೇಳಿದ್ದಳು.

“ಅಕ್ಕ, ನಿಮ್ಮ ಪದಗಳ ಫೈಲು ನನ್ನ ಕಂಪ್ಯೂಟರಿಗೂ ಹಾಕ್ಕೊಡಿ. ದಿನಾ ನಿಮ್ಮ ಮುಂದೆ ಸಾಲು ನಿಲ್ಲೋದು ತಪ್ಪತ್ತೆ.”

“ಅದು ಫೈಲಲ್ಲಮ್ಮ. ಯಂತ್ರಕ್ಕೇ ಅಂಟಿಕೊಂಡಿರೋದು. ಕಿತ್ತರೆ ಬರಲ್ಲ.”

“ಹಾಗಾದ್ರೆ ಆ ಯಂತ್ರಾನೇ ಮದುವೆ ಮಾಡ್ಕೊಂಡ್ಬಿಡಿ. ಅದೂ ನಿಮ್ಮನ್ನ ಬಿಟ್ಟಿರಲ್ಲ, ನೀವೂ ಅದನ್ನ ಬಿಟ್ಟಿರಲ್ಲ.”

“ಅದಕ್ಕೂ ನಿವೃತ್ತಿ ವಯಸ್ಸಾಯ್ತು ಕಣೇ. ಈಗೆಂಥ ಮದುವೆ!”

ಕೋಣೆಯೆಲ್ಲ ನಕ್ಕಿತು, ಅಚ್ಚಕ್ಕನೂ ನಕ್ಕಳು. ಆದರೆ ಅದು ಫೈಲೇ ಎಂದು ಅವಳಿಗೆ ಗೊತ್ತಿತ್ತು. ಕಂಪ್ಯೂಟರ್ ರಿಪೇರಿಗೆ ಬರುವ ಗುತ್ತಿಗೆಯ ಕೆಲಸಗಾರ, ಸದಾ ಕೊರಳಿಗೆ ಕೇಬಲ್ ಸುತ್ತಿಕೊಂಡಿರುತ್ತಿದ್ದ ತಂತಿಯಣ್ಣ, ಆರು ವರ್ಷದ ಹಿಂದೆಯೇ ಆ ಫೈಲು ಯಾವ ಫೋಲ್ಡರಿನ ಒಳಗಿನ ಯಾವ ಫೋಲ್ಡರಿನಲ್ಲಿದೆಯೆಂದು ತೋರಿಸಿಕೊಟ್ಟಿದ್ದ. ನಕಲು ಮಾಡಲು ಒಂದು ನಿಮಿಷವೂ ಬೇಡ.

ನಿವೃತ್ತಿಗೆ ನಾಲ್ಕು ತಿಂಗಳಿತ್ತು. ‘ಇವರ ಕೆಲಸವನ್ನು ಬೇರೆಯವರು ಮಾಡಲಾರರು’ ಎಂದು ಮುಖ್ಯಸ್ಥರು ಬರೆದರೆ ಒಬ್ಬರಿಗೆ ಒಂದು ವರ್ಷದ ಮುಂದುವರಿಕೆ ಸಿಗುವುದುಂಟು. ಬರೆಯುತ್ತೇನೆಂದು ಅವರು ಮಾತು ಕೊಟ್ಟಿದ್ದರು. ಅಚ್ಚಕ್ಕನಿಗೆ ಆ ಒಂದು ವರ್ಷ ಬೇಕೇ ಬೇಕಿತ್ತು. ನಿವೃತ್ತಿಯ ಮರುದಿನ ಬೆಳಿಗ್ಗೆ ಎಂಟೂವರೆಗೆ ತಾನೆಲ್ಲಿರುತ್ತೇನೆಂದು ಯೋಚಿಸಿದಾಗಲೆಲ್ಲ ಅವಳಿಗೆ ಮನೆಯ ಕಿಟಕಿ, ಅದರಾಚೆಯ ಎದುರು ಕಟ್ಟಡದ ಬರಿಗೋಡೆ, ಅಷ್ಟೇ ಕಾಣುತ್ತಿದ್ದವು. “ಮನೇಲಿ ಕೂತ್ರೆ ನಾನು ಕೆಲಸ ಕೊಡ್ತೀನಿ ಬಿಡೇ. ಗುಂಡಿ ಹಚ್ಚು, ದಾರ ಕಡಿ,” ಎಂದು ತಂಗಿ ಸಮಾಧಾನಕ್ಕೆ ಹೇಳಿದ ಮಾತು ಅವಳನ್ನು ಒಂದು ವಾರ ಕಾಡಿತ್ತು.

ಆಗ ಬಂತು ಸುತ್ತೋಲೆ. ಸೋಮವಾರ ಎಲ್ಲ ಕಂಪ್ಯೂಟರುಗಳ ಅಪ್‌ಗ್ರೇಡ್. ಉಳಿಯಬೇಕಾದುದನ್ನೆಲ್ಲ ಶುಕ್ರವಾರ ಮಧ್ಯಾಹ್ನದೊಳಗೆ ಎಲ್ಲರೂ ತೆರೆಯಬಹುದಾದ ಸಾಮಾನ್ಯ ಫೋಲ್ಡರಿಗೆ ಹಾಕತಕ್ಕದ್ದು. ಬೇರೆ ದಾರಿಯಿರಲಿಲ್ಲ, ಪೆನ್‌ಡ್ರೈವ್ ಚುಚ್ಚುವ ಕಿಂಡಿಗಳಿಗೆಲ್ಲ ಕಚೇರಿ ಮೊಹರು ಹಾಕಿತ್ತು. ಸಾಮಾನ್ಯ ಫೋಲ್ಡರಿಗೆ ಬಿದ್ದರೆ ಆ ಫೈಲು ಎಲ್ಲರ ಸೊತ್ತು. ಒಂಬತ್ತು ಕಂಪ್ಯೂಟರುಗಳೂ ಅಚ್ಚಕ್ಕನ ಕಂಪ್ಯೂಟರುಗಳೇ ಆಗುತ್ತವೆ, ಮುಖ್ಯಸ್ಥರು ಯಾರ ಕುರ್ಚಿಯ ಹಿಂದಾದರೂ ನಿಲ್ಲಬಹುದು. ಆಮೇಲೆ ‘ಬೇರೆಯವರು ಮಾಡಲಾರರು’ ಎಂದು ಯಾವ ಬಾಯಲ್ಲಿ ಬರೆದಾರು?

ತಂತಿಯಣ್ಣ ಶುಕ್ರವಾರ ಬೆಳಿಗ್ಗೆ ಮೇಜಿಂದ ಮೇಜಿಗೆ ಬಂದು ಕೇಳಿದ.

“ಅಕ್ಕ, ಎಲ್ಲಾ ಹಾಕಿದ್ರಾ? ಈ ಸಲ ಬುಡಸಮೇತ ಅಳಿಸೋದು. ಆಮೇಲೆ ಅಣ್ಣಾ ತಮ್ಮಾ ಅಂದ್ರೆ ನನ್ನ ಹತ್ರ ಏನೂ ಇರಲ್ಲ.”

“ಹೋದ ಸಲಾನೂ ಹೀಗೇ ಹೆದರಿಸಿದ್ದೆ. ಎಲ್ಲಾ ಇದ್ದಲ್ಲೇ ಇತ್ತು.”

“ಹೋದ ಸಲ ಬೇರೆ, ಈ ಸಲ ಬೇರೆ.”

“ಸರಿ, ಹಾಕ್ತೀನಿ ಹೋಗು.”

ಅವಳು ತನ್ನ ಪತ್ರಗಳನ್ನೂ ನಮೂನೆಗಳನ್ನೂ ಹಾಕಿದಳು. ಪದಗಳ ಫೈಲನ್ನು ಮಾತ್ರ ತನ್ನ ಕಂಪ್ಯೂಟರಿನಲ್ಲೇ ಇನ್ನೂ ಮೂರು ಫೋಲ್ಡರುಗಳ ಆಳಕ್ಕೆ ಸರಿಸಿ, ಕೊನೆಯ ಫೋಲ್ಡರಿಗೆ ‘ಹಳೆಯ ರಜೆ ಅರ್ಜಿಗಳು’ ಎಂದು ಹೆಸರಿಟ್ಟಳು. ಹೋದ ಸಲ ಉಳಿದದ್ದು ಈ ಸಲವೂ ಉಳಿದೀತು ಎಂಬುದು ಅವಳ ಎಣಿಕೆ. ಕಣ್ಣಿಗೆ ಕಾಣದಂತೆ ಇಟ್ಟರೆ ಕೈಗೂ ಸಿಗದು ಎಂದು ನಂಬಿದ್ದು ಕಾಗದದ ಕಾಲದ ಬುದ್ಧಿ.

ಮಂಗಳವಾರ ಬೆಳಿಗ್ಗೆ ಕಂಪ್ಯೂಟರು ತೆರೆದಾಗ ಅವಳು ಮೊದಲು ಹುಡುಕಿದ್ದು ಆ ಫೋಲ್ಡರನ್ನು. ಅದಿರಲಿಲ್ಲ. ಅದರ ಹೊರಗಿನದೂ ಇರಲಿಲ್ಲ. ಹೊಸ ಮನೆಯಂತೆ ಎಲ್ಲವೂ ಬೋಳು. ಅವಳು ಮೂರು ಸಲ ಮುಚ್ಚಿ ಮೂರು ಸಲ ತೆರೆದಳು. ಯಾರನ್ನು ಕೇಳುವುದು? ಕೇಳಿದರೆ ಬಾಯಿಬಿಟ್ಟಂತೆ, ಬಾಯಿಬಿಟ್ಟರೆ ಬಣ್ಣಗೇಡು.

ಅಷ್ಟರಲ್ಲಿ ಕೋಣೆಯಲ್ಲಿ ಗದ್ದಲವೆದ್ದಿತ್ತು. ಒಂಬತ್ತು ಪರದೆಗಳಲ್ಲೂ ಮೊದಲ ಪದದಿಂದ ಕೊನೆಯ ಪದದವರೆಗೆ ಕೆಂಪು. ‘ಮತ್ತು’ ಎಂಬುದರ ಕೆಳಗೂ ಗೆರೆ, ‘ಕೈ’ ಎಂಬುದರ ಕೆಳಗೂ ಗೆರೆ.

“ಏನಣ್ಣಾ ಇದು, ಕಂಪ್ಯೂಟರಿಗೆ ದಡಾರ ಎದ್ದಿದೆಯಾ?” ಎಂದು ಚೂಟಿ ಕೂಗಿದಳು.

ತಂತಿಯಣ್ಣ ಪರದೆಯ ಅಡಿಯ ಪಟ್ಟಿಯನ್ನು ಬೆರಳಿಂದ ತೋರಿಸಿದ. “ಇಲ್ಲಿ ನೋಡಿ. ಅಪ್‌ಗ್ರೇಡಲ್ಲಿ ಭಾಷೆ ಬದಲಾಗ್ಬಿಟ್ಟಿದೆ. ನೀವು ಬರೆಯೋದು ನಮ್ಮ ಭಾಷೆ, ಅದು ತಿಳ್ಕೊಂಡಿರೋದು ಇನ್ನೊಂದು ಭಾಷೆ. ಎಲ್ಲಾನೂ ತಪ್ಪೇ ಅನ್ನತ್ತೆ ಪಾಪ.”

ಸರಿಪಡಿಸುವ ಬಗೆಯನ್ನು ಅವನು ಒಂದು ಕಂಪ್ಯೂಟರಿನಲ್ಲಿ ತೋರಿಸಿದ. ಮೊದಲು ನಮ್ಮ ಭಾಷೆಯ ಕಾಗುಣಿತ ತಿದ್ದುವ ಫೈಲುಗಳ ಕಟ್ಟನ್ನು ಹೊಸದಾಗಿ ಇಳಿಸಿಕೊಳ್ಳಬೇಕು. ಪುಟವನ್ನೆಲ್ಲ ಆರಿಸಿ ಭಾಷೆಯನ್ನು ನಿಗದಿ ಮಾಡಬೇಕು. ‘ಭಾಷೆಯನ್ನು ತಾನಾಗಿಯೇ ಗುರುತಿಸು’ ಎಂಬಲ್ಲಿನ ಗುರುತನ್ನು ತೆಗೆಯಬೇಕು. ಅದನ್ನು ಬಿಟ್ಟರೆ ಕಂಪ್ಯೂಟರು ಮತ್ತೆ ತನ್ನ ಬುದ್ಧಿ ಓಡಿಸುತ್ತದೆ. ಕೊನೆಗೆ ಅದನ್ನೇ ಎಂದಿನ ಕ್ರಮವೆಂದು ಉಳಿಸಬೇಕು. ಹಳೆಯ ನಮೂನೆಗಳಲ್ಲಿ ಪ್ಯಾರಾ ಪ್ಯಾರಾಕ್ಕೂ ಪರಭಾಷೆಯ ಮೊಹರು ಬಿದ್ದಿದ್ದರಿಂದ ಅವನ್ನು ಒಂದೊಂದಾಗಿ ತೆರೆದು ತಿದ್ದಬೇಕಿತ್ತು. ತಂತಿಯಣ್ಣನಿಗೆ ಇನ್ನೂ ನಾಲ್ಕು ಕಚೇರಿಗಳಿದ್ದವು. ಅಚ್ಚಕ್ಕ ಒಂದು ಸಲ ನೋಡಿ ಕಲಿತಳು. ಮುದ್ರಣವಿಲ್ಲದ ಆ ಎರಡು ದಿನ ನಿಂತೇ ಎಂಟು ಮಂದಿಯ ಕಂಪ್ಯೂಟರುಗಳನ್ನೂ ಇನ್ನೂರಕ್ಕೂ ಹೆಚ್ಚು ನಮೂನೆಗಳನ್ನೂ ಸರಿಮಾಡಿದಳು. ಎಲ್ಲರೂ ಹೊಗಳಿದರು. ಆ ಹೊಗಳಿಕೆ ಅವಳಿಗೆ ಕಹಿಯಾಯಿತು. ಸಾಧಾರಣ ಪದಗಳ ಗೆರೆ ಅಳಿದ ಮೇಲೆ ಉಳಿದದ್ದು ಹೆಸರುಗಳ ಗೆರೆ, ಮತ್ತು ಅದು ಅವಳ ಪರದೆಯಲ್ಲಿಯೂ ಹಾಗೆಯೇ ಉಳಿದಿತ್ತು.

ಗುರುವಾರ ಎರಡೂವರೆಗೆ ಅವಳು, ಕೆಲಸ ನೋಡಿಹೋಗಲು ಮತ್ತೆ ಬಂದಿದ್ದ ತಂತಿಯಣ್ಣನನ್ನು ಪಕ್ಕಕ್ಕೆ ಕರೆದಳು.

“ಈ ಕೆಂಪು ಪೂರ್ತಿ ಹೋಗೋ ಹಾಗೆ ಏನಾದ್ರೂ ಇದೆಯಾ?”

“ಇದೆ. ಇಲ್ಲೊಂದು ಗುರುತು ತೆಗೆದ್ರೆ ಕಾಗುಣಿತ ನೋಡೋದನ್ನೇ ಬಿಟ್ಬಿಡತ್ತೆ. ಆದ್ರೆ ಅಕ್ಕ, ಅದು ಕಣ್ಣು ಮುಚ್ಕೊಂಡು ಕತ್ತಲೇ ಇಲ್ಲ ಅಂದ ಹಾಗೆ.” ಅವನು ತಡೆದು ಅವಳ ಮುಖ ನೋಡಿದ. “ಫೈಲು ಹಾಕಿರಲಿಲ್ವಾ?”

ಅವಳು ಗೋಡೆಯ ಗಡಿಯಾರ ನೋಡಿದಳು. ಅವನು ಕೇಬಲ್ಲನ್ನು ಕೊರಳಿಗೆ ಸುತ್ತಿಕೊಂಡು, “ನಾನೇನೂ ನೋಡ್ಲಿಲ್ಲ ಬಿಡಿ,” ಎಂದು ಹೊರಟುಹೋದ.

ಅವಳು ಗುರುತು ತೆಗೆದಳು. ಮೂರಕ್ಕೆ ಮುಖ್ಯಸ್ಥರು ಬಂದು ಅವಳ ಕುರ್ಚಿಯ ಹಿಂದೆ ನಿಂತಾಗ ಪರದೆ ಹಾಲಿನಂತೆ ಬೆಳ್ಳಗಿತ್ತು. “ಎಲ್ಲರದೂ ಹಾಳಾದ್ರೂ ಅಚ್ಚಕ್ಕಂದು ಅಚ್ಚುಕಟ್ಟು!” ಎಂದರು ಅವರು.

ಅಲ್ಲಿಂದ ಮುಂದಿನ ಐದು ವಾರಗಳಲ್ಲಿ ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಯಂತ್ರ ನೋಡುತ್ತಿದ್ದುದನ್ನು ಈಗ ಅವಳ ಕಣ್ಣೇ ನೋಡಬೇಕು, ದಿನಕ್ಕೆ ಅರವತ್ತು ಎಪ್ಪತ್ತು ಪುಟ. ಅಳತೆಪಟ್ಟಿಯನ್ನು ಪರದೆಗೆ ಒತ್ತಿ ಹಿಡಿದು ಸಾಲು ಸಾಲು ಓದಿದಳು. ಮಧ್ಯಾಹ್ನದ ಊಟವನ್ನು ಬಿಟ್ಟಳು. ಎಡಗಣ್ಣು ಸಂಜೆಯ ಹೊತ್ತಿಗೆ ಕೆಂಡವಾಗುತ್ತಿತ್ತು. ಒಂದು ತಪ್ಪೂ ಹೋಗಲಿಲ್ಲ. ಹೋದದ್ದು ಯಾರಿಗೂ ತಿಳಿಯಲಿಲ್ಲ ಎನ್ನುವುದು ಹೆಚ್ಚು ನಿಜವಿರಬಹುದು. ಮೋಸದ ಕೆಲಸವನ್ನು ಇಷ್ಟು ನಿಷ್ಠೆಯಿಂದ ಮಾಡಿದವರು ವಿರಳ. ಅದರಿಂದ ಮೋಸವೇನೂ ಕಡಿಮೆಯಾಗುವುದಿಲ್ಲ.

ಆರನೆಯ ವಾರದಲ್ಲಿ ಮುಖ್ಯಸ್ಥರು ಅವಳನ್ನು ತಮ್ಮ ಕೋಣೆಗೆ ಕರೆದು ಕೂರಲು ಹೇಳಿದರು.

“ನಿಮ್ಮ ಮುಂದುವರಿಕೆ ವಿಷಯ ಮೇಲಿನವರ ಹತ್ರ ಮಾತಾಡಿದೆ. ಈ ಅಪ್‌ಗ್ರೇಡ್ ಆದ್ಮೇಲೆ ಎಲ್ಲಾ ಶಾಖೆಗಳಲ್ಲೂ ಇದೇ ಗೋಳಂತೆ. ನಿಮ್ಮ ಪದಗಳ ಫೈಲನ್ನ ಎಲ್ಲಾ ಕಡೆಗೂ ಕಳಿಸೋಣ, ಅದನ್ನ ನೋಡ್ಕೊಳ್ಳೋಕೆ ನಿಮಗೇ ಒಂದು ವರ್ಷ ಕೊಡಿ ಅಂದೆ. ತಕ್ಷಣ ಒಪ್ಪಿದ್ರು. ಫೈಲು ಕೊಡಿ, ನಾಳೆನೇ ಬರೀತೀನಿ.”

ಯಾವುದನ್ನು ಕೊಟ್ಟರೆ ಕುರ್ಚಿ ಹೋದೀತೆಂದು ಬಚ್ಚಿಟ್ಟಿದ್ದಳೋ ಅದನ್ನು ಕೊಟ್ಟಿದ್ದರೇ ಕುರ್ಚಿ ಉಳಿಯುತ್ತಿತ್ತು. ಅಚ್ಚಕ್ಕ ಮೇಜಿನ ಗಾಜನ್ನು ನೋಡುತ್ತ ಹೇಳಿದಳು, “ಫೈಲು ಈಗ ಇಲ್ಲ ಸಾರ್.”

“ಇಲ್ಲ ಅಂದ್ರೆ?”

“ಅಪ್‌ಗ್ರೇಡಲ್ಲಿ ಹೋಯ್ತು. ಇಷ್ಟು ದಿನ ಕಣ್ಣಲ್ಲೇ ಓದಿ ತಿದ್ದಿದೆ.”

“ಕಣ್ಣಲ್ಲೇ!” ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಸಾಮಾನ್ಯ ಫೋಲ್ಡರಿಗೆ ಹಾಕಿದ್ರಿ ತಾನೇ?”

ಅವಳು ಗಾಜಿನ ಅಂಚನ್ನು ಬೆರಳಿಂದ ಉಜ್ಜಿದಳು.

“ಹಾಕಿರ್ತೀರಿ, ಬಿಡಿ. ನಿಮ್ಮಂಥವರು ಹಾಕದೆ ಇರ್ತೀರಾ? ಆ ಗುತ್ತಿಗೆಯವನೇ ಬೇಕಾಬಿಟ್ಟಿ ಅಳಿಸಿದಾನೆ.” ಮಾತು ಮುಗಿಯುವ ಮುಂಚೆಯೇ ಅವರು ಗುತ್ತಿಗೆದಾರನಿಗೆ ಫೋನು ಹಚ್ಚಿದ್ದರು. ಫೋನಿಟ್ಟು ಅವಳತ್ತ ತಿರುಗಿದರು. “ಒಂದು ಕಾಗದ ಬರೆದುಕೊಡಿ. ನಾನು ಫೋಲ್ಡರಿಗೆ ಹಾಕಿದ್ದೆ, ಅವನು ಅಳಿಸಿದ ಅಂತ. ವರ್ಷದೊಳಗೆ ಹೊಸದಾಗಿ ಕಟ್ಟಿಕೊಡ್ತಾರೆ ಅಂತ ನಾನು ಸೇರಿಸ್ತೀನಿ. ಮುಂದುವರಿಕೆ ಎಲ್ಲೂ ಹೋಗಲ್ಲ.”

ಎರಡು ದಿನ ಅವಳು ಏನೂ ಬರೆಯದ ಖಾಲಿ ಹಾಳೆಯನ್ನು ಬ್ಯಾಗಿನಲ್ಲಿ ಹೊತ್ತು ತಿರುಗಿದಳು. ಎರಡನೆಯ ದಿನ ಸಂಜೆ ತಂಗಿ ಯಂತ್ರ ನಿಲ್ಲಿಸಿ ಕೇಳಿದಳು, “ಏನೇ, ಅನ್ನ ಕಲಸ್ತಾನೇ ಇದ್ದೀಯ, ಬಾಯಿಗೆ ಹೋಗೋ ಯೋಚನೆ ಇಲ್ವಾ?”

ಅಚ್ಚಕ್ಕ ಎಲ್ಲವನ್ನೂ ಹೇಳಿದಳು. ತಂಗಿ ಬಹಳ ಹೊತ್ತು ದಾರದ ಉಂಡೆಯನ್ನು ಸುತ್ತುತ್ತ ಕೂತಳು.

“ಅವನು ಅಳಿಸಿದ್ದು ಸುಳ್ಳಲ್ಲವಲ್ಲ?”

“ಅವನು ಅಳಿಸಿದ್ದು ನಿಜ. ನಾನು ಹಾಕಿದ್ದು ಸುಳ್ಳು.”

“ಅರ್ಧ ನಿಜ ಅಂತೂ ಇದೆ.”

“ಅರ್ಧ ನಿಜಕ್ಕೆ ನಾನು ಯಾವತ್ತು ರುಜು ಹಾಕಿದ್ದೀನಿ?”

“ಹಾಗಾದ್ರೆ ನನ್ನ ಯಾಕೆ ಕೇಳ್ತೀಯ? ಹೋಗಿ ಇದ್ದದ್ದನ್ನ ಬರೆದುಕೊಡು. ಬರೆದುಕೊಟ್ಟು ಮನೆಗೆ ಬಾ. ಗುಂಡಿ ಹಚ್ಚೋಳು ನನಗೂ ಬೇಕು.” ಹೇಳುವಾಗ ತಂಗಿಯ ಕಣ್ಣು ತುಂಬಿದ್ದನ್ನು ಅಚ್ಚಕ್ಕ ಕಂಡಳು, ಕಾಣದವಳಂತೆ ಕೈತೊಳೆಯಲು ಎದ್ದಳು.

ಮೂರನೆಯ ದಿನ ಅವಳು ಐದು ಸಾಲು ಟೈಪ್ ಮಾಡಿ ಒಯ್ದಳು. ‘ಫೈಲನ್ನು ಸಾಮಾನ್ಯ ಫೋಲ್ಡರಿಗೆ ಹಾಕಬೇಕೆಂದು ಗುತ್ತಿಗೆಯ ಕೆಲಸಗಾರರು ನನಗೆ ಖುದ್ದಾಗಿ ಎಚ್ಚರಿಸಿದ್ದರು. ನಾನು ಬೇಕೆಂದೇ ಹಾಕಲಿಲ್ಲ. ಅದು ನಾಶವಾದುದಕ್ಕೆ ನಾನೇ ಹೊಣೆ. ಆ ಬಳಿಕ ತಪಾಸಣೆಯನ್ನು ನಿಲ್ಲಿಸಿ ಪುಟಗಳನ್ನು ಶುದ್ಧವೆಂದು ತೋರಿಸಿದವಳೂ ನಾನೇ. ಅವರ ತಪ್ಪೇನೂ ಇಲ್ಲ.’

ಮುಖ್ಯಸ್ಥರು ಅದನ್ನು ಎರಡು ಸಲ ಓದಿದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

“ಇದನ್ನ ಆವತ್ತೇ ಹೇಳ್ಬಾರ್ದಿತ್ತಾ? ಆ ಮನುಷ್ಯನ್ನ ಆವತ್ತೇ ತೆಗೆದು ಬೇರೆಯವನನ್ನ ಹಾಕಿದ್ದಾರೆ. ಈಗ ನಾನು ಫೋನ್ ಮಾಡಿ ಏನನ್ಲಿ?”

“ನಿಜ ಹೇಳಿ ಸಾರ್.”

“ಹೇಳ್ತೀನಿ. ಕೇಳಿಸ್ಕೊಳ್ಳೋರು ಯಾರು?”

ಅವರು ಹೇಳಿದರೂ ಇರಬಹುದು. ತಂತಿಯಣ್ಣ ಮತ್ತೆ ಬರಲಿಲ್ಲ. ಅವನ ಜಾಗಕ್ಕೆ ಬಂದವನು ಅವನನ್ನು ನೋಡಿಯೇ ಇರಲಿಲ್ಲ. ಅಚ್ಚಕ್ಕ ಗುತ್ತಿಗೆದಾರನ ಅಂಗಡಿಯವರೆಗೆ ಹೋಗಿ ಕೇಳಿದಳು. ಗಲ್ಲದ ಮೇಲೆ ಕೈಯಿಟ್ಟು ಕೂತಿದ್ದ ಗುಮಾಸ್ತೆ, “ಬಿಟ್ಟು ಹೋದವರ ವಿಳಾಸ ಇಟ್ಕೊಳ್ಳಲ್ಲಮ್ಮ,” ಎಂದಳು. “ಅವರು ಬಿಟ್ಟು ಹೋಗಿಲ್ಲ,” ಎಂದು ಅಚ್ಚಕ್ಕ ಹೇಳಿದ್ದಕ್ಕೆ ಗುಮಾಸ್ತೆ ತಲೆಯೆತ್ತಲಿಲ್ಲ.

ಮುಂದುವರಿಕೆಯ ಕಡತ ಒಂದೇ ಸಾಲಿನ ಟಿಪ್ಪಣಿ ಹೊತ್ತು ಹಿಂದಿರುಗಿತು. ಅದೇ ವಾರ ಇನ್ನೊಂದು ಸುತ್ತೋಲೆ ಬಂತು: ಹೆಸರುಗಳ ಕೆಳಗೆ ಕಾಣುವ ಕೆಂಪು ಗೆರೆಯನ್ನು ಇನ್ನು ಮುಂದೆ ಲೆಕ್ಕಿಸಬೇಕಾಗಿಲ್ಲ. ಕಟ್ಟಳೆ ಮಾಡಿದವರೇ ಕಟ್ಟಳೆ ಬಿಚ್ಚಿದರು. ಎಂಟು ಮಂದಿಯೂ ತಮ್ಮ ತಮ್ಮ ಮೇಜಿನಿಂದಲೇ ಮುದ್ರಣಕ್ಕೆ ಕಳುಹಿಸತೊಡಗಿದರು. ಮೂರು ಗಂಟೆಗೆ ಅಚ್ಚಕ್ಕನ ಕುರ್ಚಿಯ ಹಿಂದೆ ಯಾರೂ ನಿಲ್ಲಲಿಲ್ಲ. ಮೊದಲ ಕೆಲವು ದಿನ ಆ ಹೊತ್ತಿಗೆ ಅವಳ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಉಳಿದ ವಾರಗಳಲ್ಲಿ ಅವಳು ದಾಖಲೆ ಕೋಣೆಯಿಂದ ಹಳೆಯ ಕಟ್ಟುಗಳನ್ನು ತರಿಸಿಕೊಂಡು, ದೂಳು ಒರೆಸಿ, ಹೆಸರುಗಳನ್ನು ಮೊದಲಿನಿಂದ ಸೇರಿಸಲು ತೊಡಗಿದಳು. ಫೈಲನ್ನು ಈಗ ಸಾಮಾನ್ಯ ಫೋಲ್ಡರಿನಲ್ಲೇ ಇಟ್ಟಿದ್ದಳು. ಚೂಟಿ ಎರಡು ದಿನ ನೋಡಿದಳು. ಮೂರನೆಯ ದಿನ ಕುರ್ಚಿ ಎಳೆದುಕೊಂಡು ಬಂದಳು.

“ಯಾರಿಗೋಸ್ಕರ ಅಕ್ಕ ಇದು? ನಿಯಮಾನೇ ಹೋಯ್ತಲ್ಲ.”

“ಹೆಸರಿನ ಕೆಳಗೆ ಗೆರೆ ಇದ್ರೆ ಏನೋ ತಪ್ಪು ಮಾಡಿದವರ ಹಾಗೆ ಕಾಣ್ತಾರೆ.”

ಚೂಟಿ ಏನೋ ಕುಹಕವಾಡಲು ಬಾಯಿ ತೆರೆದವಳು ಮುಚ್ಚಿಕೊಂಡು, ಕಟ್ಟಿನ ಮೇಲಿನ ಹಾಳೆಯನ್ನೆತ್ತಿ ಓದಿ ಹೇಳತೊಡಗಿದಳು. ದಿನಕ್ಕೆ ಒಂದು ಗಂಟೆ, ಕೆಲವು ದಿನ ಅದೂ ಇಲ್ಲ. ಹತ್ತೊಂಬತ್ತು ವರ್ಷದ ಕೆಲಸ ಏಳು ವಾರದಲ್ಲಿ ಆಗುವುದಿಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ತಿಂಗಳ ಕೊನೆಯ ಕೆಲಸದ ದಿನ ಸಂಜೆ ಐದಕ್ಕೆ ಅಚ್ಚಕ್ಕ ಹೊರಟಳು. ಭಾಷಣ ಬೇಡವೆಂದು ಮೊದಲೇ ಹೇಳಿದ್ದಳು. ಮಾಡುವ ಉಮೇದು ಯಾರಿಗೂ ಇರಲಿಲ್ಲ. ಅವಳು ಬಿಟ್ಟುಹೋದವುಗಳನ್ನು ಮರುದಿನ ಚೂಟಿ ಕಚೇರಿಯ ಪದ್ಧತಿಯಂತೆ ಪಟ್ಟಿ ಮಾಡಿದಳು:

ಕಂಪ್ಯೂಟರು ಒಂದು, ಚಾಲನೆಯಲ್ಲಿದೆ; ಭಾಷೆ ಸರಿಯಾಗಿ ನಿಗದಿಯಾಗಿದೆ, ತಪಾಸಣೆಯ ಗುರುತು ಹಾಕಿದೆ.

ಪದಗಳ ಫೈಲು ಒಂದು, ಸಾಮಾನ್ಯ ಫೋಲ್ಡರಿನಲ್ಲಿ. ಎರಡು ಸಾವಿರದ ಆರುನೂರ ಹದಿನಾಲ್ಕು ಪದಗಳು.

ದಾಖಲೆ ಕೋಣೆಗೆ ಹಿಂದಿರುಗಿಸಬೇಕಾದ ಹಳೆಯ ಕಟ್ಟುಗಳು, ಮೂವತ್ತೊಂದು; ಬಿಚ್ಚದವು ಇಪ್ಪತ್ತು.

ಭಾಷೆ ಸರಿಪಡಿಸುವ ಕ್ರಮ ಬರೆದ ಹಾಳೆ, ಒಂಬತ್ತು ಪ್ರತಿ.

ಕಣ್ಣಿನ ಹನಿಯ ಸೀಸೆ, ಅರ್ಧ.

ತಂತಿಯಣ್ಣನ ಮೊಬೈಲ್ ಸಂಖ್ಯೆಯ ಚೀಟಿ, ಒಂದು. ಕರೆ ಮಾಡಲಾಯಿತು, ಸಂಖ್ಯೆ ಬಳಕೆಯಲ್ಲಿಲ್ಲ.

ಬೀಗದ ಕೈ ಎರಡು. ಇವುಗಳಲ್ಲಿ ಒಂದು ಯಾವುದರದ್ದೆಂದು ತಿಳಿದುಬಂದಿಲ್ಲ.